ಚಾರ್ಜ್ ಆಗದ ಲ್ಯಾಪ್‌ಟಾಪ್: ಬ್ಯಾಟರಿಯನ್ನು ಕೊನೆಗೆ ನೋಡಿ

ಕೊಡಗಿನಲ್ಲಿ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ ಹಿಡಿಯಿತೆಂದರೆ ಮಡಿಕೇರಿಯ ನಮ್ಮ ರಿಪೇರಿ ಮೇಜಿನ ಮೇಲೆ ಚಾರ್ಜ್ ಆಗದ ಲ್ಯಾಪ್‌ಟಾಪ್‌ಗಳು ಸಾಲುಗಟ್ಟುತ್ತವೆ. ತಂದವರಲ್ಲಿ ಹೆಚ್ಚಿನವರು ಬ್ಯಾಟರಿ ಹೋಗಿದೆ ಎಂದು ಆಗಲೇ ತೀರ್ಮಾನಿಸಿರುತ್ತಾರೆ. ದಯವಿಟ್ಟು ಅಲ್ಲಿಂದ ಶುರು ಮಾಡಬೇಡಿ. ಗೋಡೆಯ ಪ್ಲಗ್ಗಿನಿಂದ ಒಳಗೆ ಬನ್ನಿ.

ಅದೇ ಪ್ಲಗ್ಗಿಗೆ ಬೇರೇನಾದರೂ ಹಾಕಿ ನೋಡಿ. ಗೋಡೆಯಿಂದ ಅಡಾಪ್ಟರಿಗೆ ಬರುವ ವೈರನ್ನು ಎರಡೂ ಕಡೆ ಬಿಚ್ಚಿ ಮತ್ತೆ ಒತ್ತಿ ಕೂರಿಸಿ. ಸಾಮಾನ್ಯವಾಗಿ ಅಡಾಪ್ಟರ್ 100ರಿಂದ 240 ವೋಲ್ಟ್‌ವರೆಗೂ ಕೆಲಸ ಮಾಡುತ್ತದೆ, ಹಾಗಾಗಿ ತೋಟದ ಮನೆಗಳ ಲೋ ವೋಲ್ಟೇಜ್ ಅದಕ್ಕೆ ದೊಡ್ಡ ವಿಷಯವಲ್ಲ. ಮರ ಬಿದ್ದು ಹೋದ ಕರೆಂಟ್ ವಾಪಸ್ ಬರುವ ಕ್ಷಣದ ಏರಿಳಿತಕ್ಕೆ ಹೆದರಬೇಕು. ಕರೆಂಟ್ ಹೋದ ಕೂಡಲೇ ಅಡಾಪ್ಟರ್ ಕಿತ್ತಿಡಿ.

ನಮ್ಮ ಜಿಲ್ಲೆಯ ನಿಜವಾದ ಶತ್ರು ತೇವ. ತಿಂಗಳುಗಟ್ಟಲೆ ಒಣಗದ ಗಾಳಿಗೆ ಚಾರ್ಜಿಂಗ್ ಜ್ಯಾಕಿನ ಒಳಗೆ ಹಸಿರು ಕಿಲುಬು ಕೂರುತ್ತದೆ. ಟಾರ್ಚ್ ಹಾಕಿದರೆ ಕಾಣಿಸುತ್ತದೆ. ಲ್ಯಾಪ್‌ಟಾಪ್ ಪೂರ್ತಿ ಆಫ್ ಮಾಡಿ, ಚಾರ್ಜರ್ ಬಿಚ್ಚಿ, ಮೆತ್ತನೆಯ ಬ್ರಷ್‌ಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಸ್ವಲ್ಪವೇ ಸೋಕಿಸಿ ಉಜ್ಜಿ, ಚೆನ್ನಾಗಿ ಆರಲು ಬಿಡಿ. ಸೂಜಿ, ಪಿನ್ನು ಬೇಡ. ಒಲೆಯ ಪಕ್ಕ ಇಟ್ಟು ಒಣಗಿಸುವುದಂತೂ ಬೇಡವೇ ಬೇಡ, ಲಿಥಿಯಂ ಬ್ಯಾಟರಿಗೆ ಬಿಸಿ ಆಗದು.

ಲ್ಯಾಪ್‌ಟಾಪ್ ಓಡುತ್ತದೆ, ಆದರೆ ಚಾರ್ಜ್ ಏರುವುದಿಲ್ಲ ಅನ್ನುವವರು ಚಾರ್ಜರಿನ ತುದಿ ನೋಡಿ. ಹಲವು ಮಾಡೆಲ್‌ಗಳಲ್ಲಿ ನಡುವಿನ ತೆಳು ಪಿನ್ನಿನ ಮೂಲಕವೇ ಲ್ಯಾಪ್‌ಟಾಪ್ ತನ್ನ ಅಡಾಪ್ಟರನ್ನು ಗುರುತಿಸುವುದು. ಅದು ಬಾಗಿದ್ದರೆ ಚಾರ್ಜಿಂಗ್ ನಿಲ್ಲುತ್ತದೆ. ಟೈಪ್-ಸಿ ಆದರೆ ವ್ಯಾಟ್ ನೋಡಿ. 65 ವ್ಯಾಟ್ ಕೇಳುವ ಲ್ಯಾಪ್‌ಟಾಪಿಗೆ 18 ವ್ಯಾಟಿನ ಫೋನ್ ಚಾರ್ಜರ್ ಸಾಲದು. ಸಾಧಾರಣ ಕೇಬಲ್ ಒಯ್ಯುವುದೇ 60 ವ್ಯಾಟ್, ಅದಕ್ಕಿಂತ ಹೆಚ್ಚಿಗೆ 5 ಆಂಪ್ ಕೇಬಲ್ ಬೇಕು.

80 ಶೇಕಡಕ್ಕೆ ನಿಂತರೆ ಅದು ದೋಷವಲ್ಲ, ಬ್ಯಾಟರಿ ಉಳಿಸುವ ಸೆಟ್ಟಿಂಗ್ ಆನ್ ಆಗಿರಬಹುದು. ದಿನಗಟ್ಟಲೆ ಕರೆಂಟಿಲ್ಲದೆ ಪೂರ್ತಿ ಖಾಲಿಯಾಗಿದ್ದರೆ ಚಾರ್ಜಿಗೆ ಹಾಕಿ ಅರ್ಧ ಗಂಟೆ ಸುಮ್ಮನೆ ಬಿಡಿ. ಆಗಲೂ ಜೀವ ಬಾರದಿದ್ದರೆ ಚಾರ್ಜರ್ ಕಿತ್ತು, ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿದು, ಮತ್ತೆ ಸಿಕ್ಕಿಸಿ.

ಟಚ್‌ಪ್ಯಾಡ್ ಮೇಲೆದ್ದಿದ್ದರೆ, ತಳಭಾಗ ಉಬ್ಬಿದ್ದರೆ ಇವು ಯಾವುದನ್ನೂ ಮಾಡಬೇಡಿ. ಬ್ಯಾಟರಿ ಊದಿದೆ, ಬೆಂಕಿ ಹತ್ತಬಹುದು. ಆ ಕ್ಷಣವೇ ಚಾರ್ಜರ್ ತೆಗೆದು, ಆಫ್ ಮಾಡಿ, ಒತ್ತದೆ ಚುಚ್ಚದೆ ರಿಪೇರಿಯವರಲ್ಲಿಗೆ ಒಯ್ಯಿರಿ. ಅಂಗಡಿಗೆ ಬರುವಾಗ, ಯಾವ ತೊಂದರೆಯೇ ಇರಲಿ, ನಿಮ್ಮದೇ ಚಾರ್ಜರನ್ನೂ ಜೊತೆಗೆ ತನ್ನಿ.