ಹುಲಿವೇಷದ ಡ್ರೆಸ್: ಆಟಿಕೆಯೋ, ಬಟ್ಟೆಯೋ?

ಮುಂಬಯಿಯ ನಮ್ಮ ಕನ್ನಡ ಸಂಘಗಳ ಛದ್ಮವೇಷ ಸ್ಪರ್ಧೆಯಲ್ಲಿ ಮೊದಲೆಲ್ಲ ಮುದ್ದುಕೃಷ್ಣ, ಕಿತ್ತೂರು ಚೆನ್ನಮ್ಮ, ಯಕ್ಷಗಾನದ ಪುಟ್ಟ ಕಿರೀಟ ಇಷ್ಟೇ ಕಾಣುತ್ತಿದ್ದವು. ಈಗ ಅದೇ ಸಾಲಿನಲ್ಲಿ ರಾಜಕುಮಾರಿಯ ಗೌನು, ಹುಲಿಯ ಜಂಪ್‌ಸೂಟು, ಸೂಪರ್‌ಹೀರೋ ಕೇಪು ನಿಂತಿರುತ್ತವೆ. ಕೃಷ್ಣನ ಪಂಚೆ ಇಲ್ಲೇ ಹೊಲಿಸಿದ್ದು. ಉಳಿದವುಗಳಲ್ಲಿ ಎಷ್ಟೋ ಚೀನಾದಿಂದ ಕಂಟೇನರಿನಲ್ಲಿ ನ್ಹಾವಾ ಶೇವಾ ಬಂದರಿಗೆ ಬಂದವು. ಅಂಥ ಮಾಲು ಬಿಡಿಸಿಕೊಡುವ ಕಸ್ಟಮ್ಸ್ ಬ್ರೋಕರ್ ನಾನು.

ಮಸ್ಜಿದ್ ಬಂದರ್‌ನಲ್ಲಿ ಅಂಗಡಿ ಇಟ್ಟಿರುವ ಉಡುಪಿ ಕಡೆಯವರೊಬ್ಬರು ಒಮ್ಮೆ ಇನ್‌ವಾಯ್ಸ್ ತಂದು ಮೇಜಿನ ಮೇಲಿಟ್ಟರು. ಆಮದು ಮಾಲಿಗೆ ಎಷ್ಟು ಸುಂಕ ಎಂಬುದು ಅದರ ಕೋಡ್ ಸಂಖ್ಯೆಯ ಮೇಲೆ ನಿಂತಿದೆ. ಇಲ್ಲಿ ಎಲ್ಲ ಡ್ರೆಸ್ಸಿಗೂ ಒಂದೇ ಕೋಡ್: 9505. ಅಂದರೆ ಹಬ್ಬ, ಮೋಜಿನ ಸಾಮಾನು. ‘ಅಮೆರಿಕಕ್ಕೂ ಇದೇ ಕೋಡಿನಲ್ಲಿ ಕಳಿಸ್ತಾರಂತೆ ಮಾರಾಯ್ರೆ. ನಾವೂ ಅದನ್ನೇ ಹಾಕುವ, ಆಗದಾ?’ ಅಂದರು.

ಅವರ ಪ್ರಶ್ನೆಯಲ್ಲಿ ತಪ್ಪಿಲ್ಲ. ಕೋಡಿನ ಮೊದಲ ಆರು ಅಂಕಿ ಹೆಚ್ಚುಕಡಿಮೆ ಇಡೀ ಜಗತ್ತಿಗೆ ಒಂದೇ. ಆದರೆ ಅದನ್ನು ಓದುವ ರೀತಿ ಒಂದೇ ಅಲ್ಲ. ಅಮೆರಿಕದಲ್ಲಿ 9505ಕ್ಕೆ ಸುಂಕ ಇರಲಿಲ್ಲ, ಬಟ್ಟೆಗೆ ಇತ್ತು. ಹಾಗಾಗಿ ರೂಬೀಸ್ ಎಂಬ ಅಲ್ಲಿನ ವೇಷಭೂಷಣದ ಕಂಪನಿ, ಹೊರಗಿನಿಂದ ಬರುವ ಡ್ರೆಸ್ಸನ್ನು ಬಟ್ಟೆ ಎಂದೇ ನೋಡಬೇಕು ಅಂತ ಕೋರ್ಟಿಗೆ ಹೋಯಿತು. ಒಂದೆರಡು ಸಲ ಹಾಕಿ ಬಿಸಾಡುವಂಥ ತೆಳು, ಕಚ್ಚಾ ಹೊಲಿಗೆಯ ಡ್ರೆಸ್ಸು ಹಬ್ಬದ ಸಾಮಾನೇ ಎಂದು 2003ರಲ್ಲಿ ಅಲ್ಲಿನ ಮೇಲ್ಮನವಿ ಕೋರ್ಟು ಅದರ ವಿರುದ್ಧ ತೀರ್ಪು ಕೊಟ್ಟಿತು. 2019ರಲ್ಲಿ ಅದೇ ಕಂಪನಿಯ ಸಾಂತಾ ಕ್ಲಾಸ್ ಸೂಟಿನ ವಿಷಯ ಬಂದಾಗ, ಹೊಲಿಗೆ ಚೆನ್ನಾಗಿದೆ, ಇದು ಬಟ್ಟೆಯೇ ಎಂದಿತು.

ನಮ್ಮ ಟ್ಯಾರಿಫ್‌ನಲ್ಲಿ ಅಂದರೆ ಸುಂಕದ ಪಟ್ಟಿಯಲ್ಲಿ, 95ನೇ ಚಾಪ್ಟರಿನ (ಕೋಡಿನ ಮೊದಲ ಎರಡು ಅಂಕಿಯೇ ಚಾಪ್ಟರ್) ಆರಂಭದಲ್ಲೇ ಒಂದು ಟಿಪ್ಪಣಿ ಇದೆ. 61 ಮತ್ತು 62ನೇ ಚಾಪ್ಟರಿಗೆ ಸೇರುವ ಬಟ್ಟೆಯ ವೇಷದ ಉಡುಪು ಇಲ್ಲಿಗೆ ಬರುವುದಿಲ್ಲ ಅಂತ. ಮುಖವಾಡ, ಸುಳ್ಳು ಮೂಗು, ಕಾಗದದ ಟೋಪಿ 9505ಕ್ಕೆ ಹೋಗಲಿ, ಬಟ್ಟೆಯ ಡ್ರೆಸ್ಸು ಬೇಡ. ಅಮೆರಿಕದ ವಾದವನ್ನು ಇಲ್ಲಿಗೆ ತಂದು ಬೇರೊಬ್ಬರ ದುಡ್ಡಿನಲ್ಲಿ ಪರೀಕ್ಷೆ ಮಾಡುವುದು ಸರಿಯಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ. ಅದನ್ನೇ ಅವರಿಗೂ ಹೇಳಿದೆ.

ಇನ್ನು ಕೆಲವರು ‘ಆಟಿಕೆ’ ಅಂತ 9503 ಬರೆಸಿಕೊಂಡು ಬರುತ್ತಾರೆ. ದಯವಿಟ್ಟು ಬೇಡ. ಆಟಿಕೆಯ ಮೂಲ ಸುಂಕ 2020ರ ಬಜೆಟ್ಟಿನಲ್ಲಿ ಶೇ. 20ರಿಂದ 60ಕ್ಕೆ ಏರಿತು, 2023ರಲ್ಲಿ 70 ಆಯಿತು. 2021ರ ಜನವರಿ 1ರಿಂದ ಆಟಿಕೆಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತೂ ಕಡ್ಡಾಯ. ಸುಮ್ನೆ ಒಂದು ಪದ ಬರೆದದ್ದಕ್ಕೆ ಕಂಟೇನರ್ ನಿಂತುಬಿಡುತ್ತದೆ. ದಿನದಿನಕ್ಕೂ ಡೆಮರೇಜ್, ಅಂದರೆ ತಡವಾದದ್ದಕ್ಕೆ ಕಟ್ಟುವ ಶುಲ್ಕ, ಏರುತ್ತದೆ.

ಹಾಗಾದರೆ 61ಕ್ಕೋ 62ಕ್ಕೋ? ಇದಕ್ಕೆ ಡ್ರೆಸ್ಸನ್ನು ಕೈಯಲ್ಲಿ ಹಿಡಿಯಬೇಕು. ಡಬ್ಬದ ಮೇಲಿನ ಚಿತ್ರ ಏನೂ ಹೇಳುವುದಿಲ್ಲ. ಬಟ್ಟೆಯನ್ನು ಎಳೆದು, ಬೆಳಕಿಗೆ ಹಿಡಿದು ನೋಡಿ. ಬನಿಯನ್ನಿನ ಹಾಗೆ ಕುಣಿಕೆ ಕುಣಿಕೆಯಾಗಿ ಹೆಣೆದದ್ದಾದರೆ 61. ಹಾಸು ಹೊಕ್ಕು ಕಂಡರೆ, ಅಂದರೆ ನೇಯ್ದದ್ದಾದರೆ, 62. ಆಮೇಲೆ ನೂಲು ಯಾವುದು ಅಂತ. ಮಿಶ್ರ ನೂಲಾದರೆ ತೂಕದಲ್ಲಿ ಜಾಸ್ತಿ ಇರುವುದನ್ನು ಹಿಡಿಯಬೇಕು. ಆ ಅಂಗಡಿಯವರ ಹುಲಿ ಜಂಪ್‌ಸೂಟು ಹೆಣೆದ ಪಾಲಿಯೆಸ್ಟರ್. ಅದು 6114ಕ್ಕೆ ಹೋಯಿತು. ಅದೇ ನೇಯ್ದ ಬಟ್ಟೆಯಾಗಿದ್ದರೆ 6211. ಅಲ್ಲಿ ಹುಡುಗರದೋ ಹುಡುಗಿಯರದೋ ಎಂಬ ಪ್ರಶ್ನೆಯೂ ಬರುತ್ತದೆ. ಹುಲಿಗೆ ಅದನ್ನು ಹೇಳುವುದು ಹೇಗೆ? ಮುಂದೆ ಎಡಭಾಗ ಬಲದ ಮೇಲೆ ಮುಚ್ಚಿದರೆ ಹುಡುಗರದು. ಯಾರದೆಂದು ಗೊತ್ತೇ ಆಗದಿದ್ದರೆ ಹುಡುಗಿಯರ ಸಾಲಿಗೆ ಅಂತ ನಿಯಮವೇ ಇದೆ. ತೀರಾ ಪುಟ್ಟ ಮಕ್ಕಳದ್ದು, ಅಂದರೆ 86 ಸೆಂಟಿಮೀಟರ್ ಎತ್ತರದವರೆಗಿನ ಮಕ್ಕಳ ಉಡುಪು, 6111 ಅಥವಾ 6209ಕ್ಕೆ ಹೋಗುತ್ತದೆ.

ಒಂದೇ ಪ್ಯಾಕೆಟ್ಟಿನಲ್ಲಿ ಗೌನು, ಕೇಪು, ಪ್ಲಾಸ್ಟಿಕ್ ಕತ್ತಿ ಇದ್ದರೆ? ಸೆಟ್ ಅಂತ ಎಲ್ಲವನ್ನೂ ಒಂದೇ ಕೋಡಿಗೆ ಹಾಕುವ ಅಭ್ಯಾಸ ಬಹಳ ಜನರಿಗಿದೆ. ಸೆಟ್ಟಿನ ನಿಯಮ ಇರುವುದು ನಿಜ. ಆದರೆ ಜವಳಿ ವಿಭಾಗದ ಟಿಪ್ಪಣಿ ಅದಕ್ಕೆ ಬೇಲಿ ಹಾಕಿದೆ: ಬೇರೆ ಬೇರೆ ಹೆಡಿಂಗಿನ (ನಾಲ್ಕಂಕಿ ಕೋಡಿನ) ಉಡುಪುಗಳನ್ನು ಒಟ್ಟಿಗೆ ಪ್ಯಾಕ್ ಮಾಡಿದರೂ ಅವು ತಮ್ಮ ತಮ್ಮ ಹೆಡಿಂಗಿಗೇ ಹೋಗಬೇಕು. ನಾನು ನೋಡಿದ ತಕರಾರುಗಳಲ್ಲಿ ಬಹಳಷ್ಟು ಈ ಟಿಪ್ಪಣಿ ಓದದೇ ಹುಟ್ಟಿದವು.

ಕೋಡು ಇಷ್ಟು ಮುಖ್ಯ ಏಕೆ ಅಂದರೆ, 2018ರಲ್ಲಿ ಜವಳಿಯ ನೂರಾರು ಸಾಲುಗಳ ಸುಂಕ ಶೇ. 10ರಿಂದ 20ಕ್ಕೆ ಏರಿತು. ಅದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇನ್ನೊಂದು. ಕೆಲವು ಉಡುಪಿನ ಸಾಲುಗಳಲ್ಲಿ ‘ಶೇ. 20 ಅಥವಾ ತುಂಡಿಗೆ ಇಂತಿಷ್ಟು ರೂಪಾಯಿ, ಯಾವುದು ಹೆಚ್ಚೋ ಅದು’ ಅಂತ ಇರುತ್ತದೆ. ದುಬಾರಿ ಫ್ರಾಕಿಗೆ ಇದು ತಟ್ಟುವುದಿಲ್ಲ. 200 ರೂಪಾಯಿಯ ವೇಷದ ಗೌನಿಗೆ ತಟ್ಟುತ್ತದೆ. ಶೇಕಡಾ ಲೆಕ್ಕದಲ್ಲಿ 40 ರೂಪಾಯಿ ಅಂದುಕೊಂಡು ಬೆಲೆ ಹಾಕಿದ ವ್ಯಾಪಾರಿ, ತುಂಡಿನ ಲೆಕ್ಕ ನೋಡಿ ಕುಸಿದು ಕೂತದ್ದನ್ನು ನಾನು ಕಂಡಿದ್ದೇನೆ. ನನಗೆ ಸಂಕಟವಾಯಿತು. ಆರ್ಡರ್ ಕೊಡುವ ಮೊದಲು ಒಂದು ಫೋನ್ ಮಾಡಿದ್ದರೆ ಸಾಕಿತ್ತು.

ನಿಜವಾಗಿಯೂ ಅನುಮಾನ ಇದ್ದರೆ ಅಡ್ವಾನ್ಸ್ ರೂಲಿಂಗ್, ಅಂದರೆ ಮಾಲು ತರಿಸುವ ಮೊದಲೇ ಕೋಡಿನ ಬಗ್ಗೆ ಅಧಿಕೃತ ತೀರ್ಮಾನ, ಕೇಳಬಹುದು. ಅದರ ಪ್ರಾಧಿಕಾರ ಮುಂಬಯಿಯಲ್ಲೇ ಇದೆ. ಅರ್ಜಿ ಕೊಟ್ಟ ಮೂರು ತಿಂಗಳೊಳಗೆ ಉತ್ತರ ಕೊಡಬೇಕೆಂದು ಕಾನೂನು. ಒಂದೇ ಮಾಲನ್ನು ವರ್ಷ ವರ್ಷ ತರಿಸುವವರಿಗೆ ಇದು ಒಳ್ಳೆಯ ದಾರಿ.

ಇನ್ನೊಂದು ಮಾತು. ಇದು ಸುಂಕದ್ದಲ್ಲ, ಆದರೂ ಹೇಳದೆ ಇರಲಾರೆ. 2014ರಲ್ಲಿ ಬ್ರಿಟನ್ನಿನ ಟಿವಿ ನಿರೂಪಕಿಯೊಬ್ಬರ ಪುಟ್ಟ ಮಗಳ ಹ್ಯಾಲೋವೀನ್ ಡ್ರೆಸ್ಸಿಗೆ ಮೇಣದಬತ್ತಿಯಿಂದ ಬೆಂಕಿ ಹತ್ತಿ ಮಗುವಿಗೆ ಸುಟ್ಟ ಗಾಯಗಳಾದವು. ಅಲ್ಲಿ ಸುರಕ್ಷತೆಯ ಕಾನೂನು ವೇಷದ ಉಡುಪನ್ನು ಆಟಿಕೆ ಅಂತ ನೋಡುತ್ತದೆ. ಆಟಿಕೆಗಳ ಬೆಂಕಿ ಪರೀಕ್ಷೆಯ ಐಎಸ್‌ಒ ಮಾನದಂಡದಲ್ಲೂ ವೇಷದ ಉಡುಪಿನ ಹೆಸರಿದೆ. ಒಂದೇ ಡ್ರೆಸ್ಸು ಸುಂಕಕ್ಕೆ ಬಟ್ಟೆ, ಸುರಕ್ಷತೆಗೆ ಆಟಿಕೆ ಆಗಬಹುದು. ನಮ್ಮಲ್ಲಿ ಜನ್ಮಾಷ್ಟಮಿಯಿಂದ ದೀಪಾವಳಿಯವರೆಗೆ ಮಕ್ಕಳು ವೇಷ ಹಾಕುವುದೇ ಆರತಿ, ಹಣತೆಗಳ ನಡುವೆ. ಅದಕ್ಕೇ ಬಟ್ಟೆಯ ಬಣ್ಣ ಅಪಾಯಕಾರಿಯಲ್ಲ ಎಂಬ ಪರೀಕ್ಷೆಯ ಕಾಗದದ ಜೊತೆಗೆ ಬೆಂಕಿ ಪರೀಕ್ಷೆಯ ವರದಿಯನ್ನೂ ಸಪ್ಲೈಯರ್ ಹತ್ತಿರ ಕೇಳಿ ಅಂತ ನಾನು ಹಟ ಹಿಡಿಯುತ್ತೇನೆ.

ಮಸ್ಜಿದ್ ಬಂದರಿನ ಅವರು ಈಗ ಆರ್ಡರ್ ಕೊಡುವ ಮೊದಲು ಒಂದು ಸ್ಯಾಂಪಲ್ ನನ್ನ ಆಫೀಸಿಗೆ ಕಳಿಸುತ್ತಾರೆ. ಕಳೆದ ವಾರ ಬಂದದ್ದು ನವಿಲಿನ ಗೌನು. ಮೇಲಿನ ಭಾಗ ಹೆಣೆದದ್ದು, ಕೆಳಗಿನ ಘೇರು ನೇಯ್ದದ್ದು. ಎರಡನ್ನೂ ಬೇರೆ ಬೇರೆ ತೂಗಿಸಲು ಕಳಿಸಿದ್ದೇನೆ.