ಆಲ್ಬಾ ಅಂದರೆ ಬಿಳಿ ಹೂವಲ್ಲ

ಹೋದ ತಿಂಗಳು ಶಿರಸಿ ಕಡೆಯ ಅಕ್ಕ ಒಬ್ಬರು ಕುಂಡ ಹಿಡಿದುಕೊಂಡೇ ನರ್ಸರಿಗೆ ಬಂದರು. 'ಕ್ಯಾಟ್ಲಿಯಾ ಆಲ್ಬಾ' ಎಂಬ ಚೀಟಿ ನಂಬಿ ಬೇರೆಲ್ಲೋ ದುಬಾರಿ ಬೆಲೆಗೆ ಕೊಂಡ ಆರ್ಕಿಡ್ ಸಸಿ, ಮೂರು ವರ್ಷ ಸಾಕಿದ ಮೇಲೆ ಮೊದಲ ಹೂ. ದೂರದಿಂದ ಬಿಳಿಯೇ. ತುಟಿಯ, ಅಂದರೆ ಉಳಿದವುಗಳಿಗಿಂತ ಬೇರೆಯಾಗಿ ಕಾಣುವ ಆ ಒಂದು ದಳದ, ಅಂಚನ್ನು ಬೆಳಕಿಗೆ ಹಿಡಿದಾಗ ಮಾತ್ರ ತೆಳು ಗುಲಾಬಿ.

"ಇಷ್ಟಕ್ಕೆಲ್ಲ ಹೆಸರು ಬದಲಾಗ್ತದಾ?"

ಬದಲಾಗುತ್ತದೆ. ಇದು ಆಲ್ಬೆಸೆನ್ಸ್, ಬಿಳಿಯ ಹತ್ತಿರ ಹೋಗಿ ನಿಂತದ್ದು.

ಲ್ಯಾಟಿನ್‌ನಲ್ಲಿ ಆಲ್ಬಾ ಎಂದರೆ ಬಿಳಿ ಎಂದೇ ಅರ್ಥ. ಆರ್ಕಿಡ್ ಬೆಳೆಯುವವರ ಬಾಯಲ್ಲಿ ಮಾತ್ರ ಅದು ಏನಿಲ್ಲ ಎಂಬುದನ್ನು ಹೇಳುವ ಹೆಸರು. ಕೆಂಪು, ನೇರಳೆ ಕೊಡುವ ಆಂಥೋಸಯನಿನ್ ಎಂಬ ಬಣ್ಣದ ದ್ರವ್ಯ ಹೂವಿನಲ್ಲಿ ಎಳ್ಳಷ್ಟೂ ಇರಕೂಡದು. ಹಳದಿ, ಹಸಿರುಗಳ ದ್ರವ್ಯವೇ ಬೇರೆ. ಅವು ಇದ್ದರೆ ತಕರಾರಿಲ್ಲ. ಅದಕ್ಕೇ ಕ್ಯಾಟ್ಲಿಯಾದ ಗಂಟಲು ಹಳದಿಯಾದರೂ ಅದು ಆಲ್ಬಾ. ಪ್ಯಾಫಿಯೋಪೆಡಿಲಮ್ ಎಂಬ ಇನ್ನೊಂದು ಆರ್ಕಿಡ್ ಕುಲದ ಹೂ ಹಸಿರು-ಹಳದಿಯಾಗಿದ್ದರೂ ಆಲ್ಬಮ್. (ಕುಲದ ಹೆಸರು ನಪುಂಸಕಲಿಂಗವಾದರೆ ವಿಶೇಷಣವೂ ಹಾಗೇ ಆಗಬೇಕು. ಸಂಸ್ಕೃತ ಓದಿದವರಿಗೆ ಇದೇನೂ ಹೊಸದಲ್ಲ.) ದಳಗಳೆಲ್ಲ ಬಿಳಿ, ತುಟಿಗೆ ಮಾತ್ರ ಬಣ್ಣ ಎಂದಾದರೆ ಸೆಮಿ-ಆಲ್ಬಾ.

ಸಸಿ ಕೊಳ್ಳುವಾಗ ನಾನು ಚೀಟಿಗಿಂತ ಮೊದಲು ಹೊಸ ಬೇರಿನ ತುದಿ ನೋಡುತ್ತೇನೆ, ಆಮೇಲೆ ಚಿಗುರಿನ ಬುಡ. ಅಲ್ಲಿ ನೇರಳೆ ಕಂಡರೆ ಸಾಮಾನ್ಯವಾಗಿ ಅದು ಆಲ್ಬಾ ಅಲ್ಲ. ಬರೀ ಹಸಿರು ಕಂಡರೆ ಆಸೆ ಇಟ್ಟುಕೊಳ್ಳಬಹುದು, ಅಷ್ಟೇ.

ಸೆರುಲಿಯಾ ಎಂಬ ಹೆಸರಿನದು ಇನ್ನೊಂದು ಗೋಳು. ಅರ್ಥ ನೀಲಿ, ಕ್ಯಾಟ್ಲಿಯಾದಲ್ಲಿ ಅರಳುವುದು ಬೂದು ಬೆರೆತ ತಿಳಿನೇರಳೆ. ಅಂಗಡಿಯ ಕಡುನೀಲಿ ಫಲೆನಾಪ್ಸಿಸ್ ಆರ್ಕಿಡ್ ಇದೆಯಲ್ಲ, ಅದು ಬಿಳಿ ಹೂವಿನ ದಂಟಿಗೆ ಬಣ್ಣ ಕುಡಿಸಿದ್ದು. ಮುಂದಿನ ಸಲ ಬಿಳಿಯೇ ಬಿಡುತ್ತದೆ.

ಇವೆಲ್ಲ ಕಾಡಿನ ಪ್ರಭೇದಗಳ ಬಣ್ಣಭೇದಕ್ಕೆ ಹೊಂದುವ ಹೆಸರುಗಳು. ಮಿಶ್ರತಳಿಯ ಲೆಕ್ಕ ಬೇರೆ: ಒಂದೇ ಜೋಡಿ ತಾಯಿ-ತಂದೆಯ ಮಕ್ಕಳಿಗೆಲ್ಲ, ಬಣ್ಣ ಯಾವುದೇ ಇರಲಿ, ಒಂದೇ ಹೆಸರು. ಡೆಂಡ್ರೋಬಿಯಂ ಸೋನಿಯಾ ಅಂಥದ್ದು. ಅದರಲ್ಲಿ ಆರಿಸಿದ ಒಂದೇ ಗಿಡದ ವಂಶಕ್ಕೆ ಒಂಟಿ ಉದ್ಧರಣ ಚಿಹ್ನೆಯೊಳಗೆ ಇನ್ನೊಂದು ಹೆಸರು. 1959ರಿಂದೀಚೆಗೆ ಆ ಹೆಸರು ಲ್ಯಾಟಿನ್‌ನಲ್ಲಿ ಇರುವಂತಿಲ್ಲ.

"ಹಂಗಾರೆ ಎರಡು ಅಸಲಿ ಆಲ್ಬಾ ತಂದು ನಾನೇ ಕಾಯಿ ಕಟ್ಟಿಸ್ತೇನೆ" ಎಂದರು ಅಕ್ಕ. ಅಲ್ಲೂ ಒಂದು ಪೇಚಿದೆ. ಬಣ್ಣ ಮೂಡಲು ಕನಿಷ್ಠ ಎರಡು ಜೀನುಗಳು ಸರಿಯಿರಬೇಕು. ಒಂದು ಗಿಡದಲ್ಲಿ ಮೊದಲನೆಯದು ಕೆಟ್ಟು, ಇನ್ನೊಂದರಲ್ಲಿ ಎರಡನೆಯದು ಕೆಟ್ಟಿದ್ದರೆ ಎರಡರ ಹೂವೂ ಬಿಳಿ, ಮರಿಗಳೆಲ್ಲ ನೇರಳೆ. 20ನೇ ಶತಮಾನದ ಆರಂಭದಲ್ಲೇ ಇಂಗ್ಲೆಂಡಿನ ತಳಿವಿಜ್ಞಾನಿ ಹರ್ಸ್ಟ್ ಇದನ್ನು ಲೆಕ್ಕ ಹಾಕಿ ತೋರಿಸಿದ್ದ.

ಅಕ್ಕ ಸ್ವಲ್ಪ ಹೊತ್ತು ಹೂವನ್ನೇ ನೋಡಿ, ನನ್ನ ಪೆನ್ಸಿಲ್ ಕೇಳಿ ಚೀಟಿ ತಿದ್ದಿಕೊಂಡರು.