ಬೀರುವಿಗೆ ವಾರಸುದಾರರು ಯಾರು?

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಒಣಗಿಡಗಳ ಸಂಗ್ರಹವನ್ನು ಸಸ್ಯವಿಜ್ಞಾನಿಗಳು ‘ಜೆಸಿಬಿ’ ಎಂದೇ ಗುರುತಿಸುತ್ತಾರೆ. ಮಣ್ಣು ಅಗೆಯುವ ಯಂತ್ರಕ್ಕೂ ಇದಕ್ಕೂ ನಂಟಿಲ್ಲ. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಗುರುತು ಅದು. ಅಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಫಾದರ್ ಸೆಸಿಲ್ ಸಲ್ಡಾನ ಮತ್ತು ಅವರ ಬಳಗ ಹಾಸನ ಜಿಲ್ಲೆಯನ್ನು ಜಾಲಾಡಿ ಈ ಹಾಳೆಗಳನ್ನು ಕೂಡಿಹಾಕಿತು. ಸ್ಮಿತ್ಸೋನಿಯನ್ ಸಂಸ್ಥೆಯ ಡ್ಯಾನ್ ನಿಕಲ್ಸನ್ ಜತೆ ಅವರು ಸಿದ್ಧಪಡಿಸಿದ ಹಾಸನದ ಸಸ್ಯಗಳ ಗ್ರಂಥ 1976ರಲ್ಲಿ ಹೊರಬಂತು. ಹಾಳೆಗಳು ಆಮೇಲೆ ವಿಜ್ಞಾನ ಸಂಸ್ಥೆ ಸೇರಿದವು, ಬದುಕಿದವು.

ಕ್ಯಾಂಪಸ್ಸಿನ ಸಂಗ್ರಹಗಳು ಬಹುತೇಕ ಹುಟ್ಟುವುದೇ ಹೀಗೆ: ಒಬ್ಬ ಮೇಷ್ಟರು, ಒಂದು ಯೋಜನೆ, ಒಂದಷ್ಟು ಬೀರು. ‘ವಸ್ತುಸಂಗ್ರಹಾಲಯ’ ಎಂಬ ಫಲಕ ಆಮೇಲೆ ಬರುತ್ತದೆ, ಕ್ಯುರೇಟರ್ ಹುದ್ದೆ ಎಷ್ಟೋ ಕಡೆ ಬರುವುದೇ ಇಲ್ಲ. ಮೇಷ್ಟರು ನಿವೃತ್ತರಾದಾಗ ಬೀಗದ ಕೈ ಅಟೆಂಡರ್ ಬಳಿ ಉಳಿಯುತ್ತದೆ. ಅವರೂ ನಿವೃತ್ತರಾದರೆ ಬೀರುವಿಗೆ ಯಾರೂ ಇಲ್ಲ.

ಕೆಡುವುದು ಮಾತ್ರ ಯಾರಿಗೂ ಕಾಯುವುದಿಲ್ಲ. ಗಿಡವನ್ನು ಪತ್ರಿಕೆಗಳ ನಡುವೆ ಒತ್ತಿ ಒಣಗಿಸಿ, ಸುಮಾರು 42 x 28 ಸೆಂ.ಮೀ. ದಪ್ಪ ಹಾಳೆಗೆ ಅಂಟಿಸುತ್ತಾರೆ. ಇದರ ಮೊದಲ ಶತ್ರು ಸಿಗರೇಟ್ ಬೀಟಲ್, ಎರಡು–ಮೂರು ಮಿಲಿಮೀಟರಿನ ಕಂದು ದುಂಬಿ. ಹಿಂದೆ ಇದಕ್ಕೆ ಮರ್ಕ್ಯುರಿಕ್ ಕ್ಲೋರೈಡ್ ಎಂಬ ಪಾದರಸದ ವಿಷ ಬಳಿಯುತ್ತಿದ್ದರು. ಹಾಗಾಗಿ ಹಳೆಯ ಹಾಳೆಗಳನ್ನು ಕೈಗವಸಿಲ್ಲದೆ ಮುಟ್ಟಬಾರದು. ನುಸಿಗುಳಿಗೆ ಹುಳುವನ್ನು ದೂರ ಇಡುತ್ತದೆಯೇ ಹೊರತು ಒಳಗಿರುವ ಮೊಟ್ಟೆಯನ್ನು ಕೊಲ್ಲುವುದಿಲ್ಲ. ಈಗಿನ ದಾರಿ ಫ್ರೀಜರ್: ಹಾಳೆಗಳನ್ನು ಪಾಲಿಥೀನಿನಲ್ಲಿ ಬಿಗಿಯಾಗಿ ಸುತ್ತಿ ಮೈನಸ್ 20 ಡಿಗ್ರಿಯಲ್ಲಿ ಎರಡು ವಾರ. ಹೊರತೆಗೆದ ಕೂಡಲೇ ಬಿಚ್ಚಿದರೆ ತಣ್ಣನೆಯ ಹಾಳೆಯ ಮೇಲೆ ನೀರು ಕೂತು ಬೂಷ್ಟು ಹಿಡಿಯುತ್ತದೆ, ಒಂದು ದಿನ ಬಿಡಬೇಕು. ಬೆಂಗಳೂರಿನ ಮಳೆಗಾಲದಲ್ಲಂತೂ ಇದನ್ನು ಮರೆಯುವಂತಿಲ್ಲ.

ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿರುವ (ಜಿಕೆವಿಕೆ) ಕೃಷಿ ವಿಶ್ವವಿದ್ಯಾಲಯದ ಕೀಟಸಂಗ್ರಹದ ತೂಕವೇ ಬೇರೆ. ಪ್ರೊ. ಸಿ. ಎ. ವಿರಕ್ತಮಠ ಅವರ ಜಿಗಿಹುಳುಗಳ ಅಧ್ಯಯನದಿಂದಾಗಿ ಇಲ್ಲಿ ‘ಟೈಪ್’ ಮಾದರಿಗಳಿವೆ. ಹೊಸ ಪ್ರಭೇದಕ್ಕೆ ಹೆಸರಿಡುವಾಗ ಆಧಾರವಾಗಿಟ್ಟುಕೊಂಡ ಕೀಟವೇ ಟೈಪ್. ಮುಂದೆ ಹೆಸರಿನ ಬಗ್ಗೆ ತಕರಾರು ಬಂದರೆ ಇದೇ ಸಾಕ್ಷಿ. ಕೀಟದ ಪೆಟ್ಟಿಗೆಯ ತಳದಲ್ಲಿ ಸಣ್ಣ ಕಂದು ಪುಡಿ ಕಂಡರೆ ಡರ್ಮೆಸ್ಟಿಡ್ ಎಂಬ ದುಂಬಿಯ ಮರಿಹುಳು ಒಳಹೊಕ್ಕಿದೆ ಎಂದೇ ಅರ್ಥ. ಅದು ಕೀಟವನ್ನು ತಿಂದು ಪಿನ್ನು, ಲೇಬಲ್ ಉಳಿಸುತ್ತದೆ.

ಕಾನೂನು ಈ ಬೀರುಗಳ ಬೆಲೆಯನ್ನು ಏರಿಸುತ್ತಲೇ ಬಂತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ರಕ್ಷಿತ ಪ್ರಾಣಿಗಳನ್ನು ಮನಬಂದಂತೆ ಹಿಡಿದು ಮ್ಯೂಸಿಯಂ ತುಂಬುವಂತಿಲ್ಲ. ಹಳೆಯದು ಹಾಳಾದರೆ ಬದಲಿ ಸಿಗುವುದು ಕಷ್ಟ. 2002ರ ಜೀವವೈವಿಧ್ಯ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಹೊಸ ಪ್ರಭೇದದ ಮಾದರಿಯನ್ನು ಸರ್ಕಾರ ಗೊತ್ತುಪಡಿಸಿದ ಸಂಗ್ರಹಾಲಯಕ್ಕೆ ಕೊಡಬೇಕು. ಆದರೆ 2014ರಲ್ಲಿ ಯುಜಿಸಿ ಪ್ರಾಣಿಶಾಸ್ತ್ರದ ತರಗತಿಗಳಲ್ಲಿ ಪ್ರಾಣಿಗಳನ್ನು ಕೊಯ್ದು ಕಲಿಯುವುದನ್ನು ನಿಲ್ಲಿಸಿದಾಗ, ಪ್ರಾಣಿಗಳನ್ನು ದ್ರಾವಣದಲ್ಲಿಟ್ಟ ಕಾಲೇಜುಗಳ ಹಳೆಯ ಜಾಡಿಗಳಿಗೆ ಮತ್ತೆ ಬೇಡಿಕೆ ಬರಬೇಕಿತ್ತು. ಹೆಚ್ಚಿನ ಕಡೆ ಅವುಗಳ ಜಾಗಕ್ಕೆ ಕಂಪ್ಯೂಟರ್ ಬಂತು. ಇದು ಕೈಬಿಟ್ಟ ಅವಕಾಶ ಎನ್ನದೆ ವಿಧಿಯಿಲ್ಲ.

ನಿಮ್ಹಾನ್ಸ್‌ನ ಮೆದುಳು ಸಂಗ್ರಹಾಲಯ ಚೆನ್ನಾಗಿ ನಡೆಯುತ್ತಿರುವುದಕ್ಕೆ ಕಾರಣ ಸರಳ: ಅದು ಆಸ್ಪತ್ರೆಯ ದಿನನಿತ್ಯದ ಕೆಲಸಕ್ಕೆ ಅಂಟಿಕೊಂಡಿದೆ. ಮೆದುಳಿನ ಅಂಗಾಂಶ ಬ್ಯಾಂಕ್ 1995ರಲ್ಲಿ ಶುರುವಾಯಿತು, ಸಂಶೋಧಕರು ಅಲ್ಲಿಂದ ಅಂಗಾಂಶ ಪಡೆಯುತ್ತಾರೆ. ಮೆದುಳನ್ನು ಜಾಡಿಗೆ ಸಿದ್ಧಪಡಿಸುವ ಸಾಮಾನ್ಯ ಕ್ರಮದಲ್ಲಿ ಒಂದು ಭಾಗ ಫಾರ್ಮಲಿನ್‌ಗೆ ಒಂಬತ್ತು ಭಾಗ ನೀರು ಬೆರೆಸಿ, ಮೆದುಳಿನ ತಳದ ರಕ್ತನಾಳದಡಿ ದಾರ ತೂರಿಸಿ ತಲೆಕೆಳಗಾಗಿ ತೂಗುಬಿಡುತ್ತಾರೆ; ಜಾಡಿಯ ತಳಕ್ಕೆ ತಾಗಿದರೆ ಚಪ್ಪಟೆಯಾಗುತ್ತದೆ. ಎರಡು–ಮೂರು ವಾರ ಬೇಕು, ಅವಸರ ಮಾಡಿದರೆ ನಡುಭಾಗ ಮೆತ್ತಗೇ ಉಳಿಯುತ್ತದೆ. ಆಮ್ಲತೆ ಏರದಂತೆ ತಡೆಯುವ ಬಫರ್ ಲವಣ ಹಾಕದ ಫಾರ್ಮಲಿನ್ ನಿಧಾನವಾಗಿ ಆಮ್ಲವಾಗುತ್ತದೆ.

ಆಲ್ಕೋಹಾಲ್ ಜಾಡಿಗಳದು ಬೇರೆ ತೊಂದರೆ. ಮೊದಲು ಆರುವುದು ಆಲ್ಕೋಹಾಲೇ ಆದ್ದರಿಂದ, ಕಡಿಮೆಯಾದಷ್ಟಕ್ಕೆ 70% ದ್ರಾವಣ ಸುರಿದರೆ ಒಳಗಿನದು ನೀರಾಗುತ್ತಲೇ ಹೋಗುತ್ತದೆ. ಸಾಂದ್ರತೆ ಅಳೆದು ಮೇಲುಭರ್ತಿ ಮಾಡಬೇಕು. ಲೇಬಲ್ ಜಾಡಿಯ ಒಳಗಿರಲಿ, ಪೆನ್ಸಿಲ್‌ನಲ್ಲೋ ಇಂಡಿಯನ್ ಇಂಕ್‌ನಲ್ಲೋ ಬರೆದಿರಲಿ. ಬಾಲ್ ಪೆನ್ ಶಾಯಿ ಕರಗಿ ಹೋಗುತ್ತದೆ.

ಮೇಷ್ಟರು ನಿವೃತ್ತರಾಗುವ ಮುನ್ನ ಒಂದು ವರ್ಷ ಇರುವಾಗಲೇ ರಿಜಿಸ್ಟರಿನ ಕ್ರಮಸಂಖ್ಯೆಗೂ ಬೀರುವಿನ ಮಾದರಿಗೂ ತಾಳೆ ನೋಡಿ, ವಹಿಸಿಕೊಳ್ಳುವವರ ಸಹಿ ಹಾಕಿಸಬೇಕು. ರಿಜಿಸ್ಟರಿನ ಒಂದು ಪ್ರತಿ ಗ್ರಂಥಾಲಯದಲ್ಲಿರಲಿ. ಫೋಟೊ ತೆಗೆದು ಕಂಪ್ಯೂಟರಿಗೆ ಏರಿಸುವುದು ಇದಾದ ಮೇಲಿನ ಕೆಲಸ. ಸಂಖ್ಯೆ ತಾಳೆಯಾಗದಿದ್ದರೆ ಫೋಟೊ ಯಾವ ಗಿಡದ್ದೆಂದು ಹೇಳುವವರೂ ಇರುವುದಿಲ್ಲ.